ಚೆಂಡಿನ ಜೊತೆಗೆ ನುಡಿಯನ್ನೂ ಪಳಗಿಸಿದವರು

ನಾಲ್ಕು ಲಕ್ಷಕ್ಕೂ ಕಡಿಮೆ ಜನಸಂಖ್ಯೆಯ ಐಸ್‌ಲೆಂಡ್, 2016ರ ಯೂರೊ ಟೂರ್ನಿಯಲ್ಲಿ ಇಂಗ್ಲೆಂಡನ್ನು 2-1ರಿಂದ ಮಣಿಸಿ ಕ್ವಾರ್ಟರ್‌ಫೈನಲ್ ತಲುಪಿತು. 2018ರಲ್ಲಿ ವಿಶ್ವಕಪ್‌ನಲ್ಲೂ ಆಡಿತು. ಈ ಸಾಧನೆಗೆ ಒಳಾಂಗಣ ಮೈದಾನಗಳು ಹಾಗೂ ನುರಿತ ತರಬೇತುದಾರರು ಕಾರಣರೆಂಬ ಮಾತು ಜನಜನಿತ. ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಬಲವೆಂದರೆ ಭಾಷೆ.

ಆ ತಂಡದ ಬಹುತೇಕರು ಹೊರದೇಶಗಳ ಕ್ಲಬ್‌ಗಳಲ್ಲಿ ಪಳಗಿದವರು. ಸಹ ಆಟಗಾರನ ಕೂಗು ಅರ್ಥವಾಗುವುದು ಅರೆಕ್ಷಣ ತಡವಾದರೂ ಚೆಂಡು ಎದುರಾಳಿಯ ಪಾಲಾಗುತ್ತದೆ. ಐಸ್‌ಲೆಂಡಿನ ಶಾಲೆಗಳಲ್ಲಿ ಇಂಗ್ಲಿಷ್ ಮತ್ತು ಡ್ಯಾನಿಷ್ ಕಲಿಕೆಯ ಭಾಗ. ಡ್ಯಾನಿಷ್ ಬಲ್ಲವರಿಗೆ ನಾರ್ವೆ, ಸ್ವೀಡನ್‌ಗಳ ನುಡಿ ತೀರಾ ಅಪರಿಚಿತವಲ್ಲ. ಅನೇಕರು ವೃತ್ತಿಜೀವನ ಅರಸಿ ಮೊದಲು ಹೋಗುವುದೂ ಅಲ್ಲಿಗೇ. 1940ರ ದಶಕದಲ್ಲಿ ವ್ಯಾಸಂಗಕ್ಕೆಂದು ಸ್ಕಾಟ್ಲೆಂಡ್‌ಗೆ ತೆರಳಿದ ಆಲ್ಬರ್ಟ್ ಗುಡ್‌ಮುಂಡ್‌ಸನ್ ಇಂಗ್ಲೆಂಡ್, ಫ್ರಾನ್ಸ್, ಇಟಲಿಗಳಲ್ಲಿ ಆಡಿದರು. ಮುಂದೆ ತಾಯ್ನಾಡಿನ ಹಣಕಾಸು ಸಚಿವರಾದರು, ಪ್ಯಾರಿಸ್‌ನಲ್ಲಿ ರಾಯಭಾರಿಯೂ ಆದರು.

ಇಷ್ಟಾದರೂ ಆ ಶಾಲೆಗಳ ಬೋಧನಾ ಮಾಧ್ಯಮ ಐಸ್‌ಲೆಂಡಿಕ್. ಕಂಪ್ಯೂಟರಿಗೂ ಅಲ್ಲಿ 'ಸಂಖ್ಯೆ' ಮತ್ತು 'ಕಾಲಜ್ಞಾನ ನುಡಿಯುವವಳು' ಎಂಬರ್ಥದ ಹಳೆಯ ಪದಗಳನ್ನು ಬೆಸೆದು ಕಟ್ಟಿದ ಸ್ವಂತ ಹೆಸರಿದೆ. 2011ರ ಕಾನೂನು ಐಸ್‌ಲೆಂಡಿಕ್‌ಗೆ ರಾಷ್ಟ್ರಭಾಷೆಯ ಸ್ಥಾನವನ್ನು ಖಚಿತಪಡಿಸಿದೆ. ಈಗ ಅಲ್ಲಿನವರನ್ನು ಕಾಡುತ್ತಿರುವುದು ವಿದೇಶದಲ್ಲಿ ಆಡುವವರ ಬಹುಭಾಷಾ ಪಾಂಡಿತ್ಯವಲ್ಲ. ಮನೆಯೊಳಗಿನ ಪರದೆಗಳಿಂದ ಮಕ್ಕಳ ಕಿವಿಗೆ ಸದಾ ಬೀಳುವ ಇಂಗ್ಲಿಷ್.

ಪರನುಡಿಗಳನ್ನು ಕಲಿತ ಮಾತ್ರಕ್ಕೆ ಯಾವ ಭಾಷೆಯೂ ಸೊರಗುವುದಿಲ್ಲ. ಸ್ವಂತ ನೆಲದಲ್ಲೇ ಕೆಲಸವಿಲ್ಲದಂತಾದಾಗ ಸೊರಗುತ್ತದೆ. ಚಿಕ್ಕ ಭಾಷೆಗಳ ಹಿತ ಬಯಸುವವರು ಕಾವಲು ಕಾಯಬೇಕಾದದ್ದು ಶಾಲೆಯಲ್ಲಿ, ಮನೆಯಲ್ಲಿ, ಗಡಿಯಲ್ಲಲ್ಲ.