ಯಾವ ಟೊಮೆಟೊ ರುಚಿ? ನೀವೇ ಹೇಳಿರಿ



ಟೊಮೆಟೊ ಇಲ್ಲದೆ ನಮ್ಮ ಅಡುಗೆಮನೆಯಲ್ಲಿ ಒಂದು ದಿನವೂ ಕಳೆಯುವುದಿಲ್ಲ. ಸಾರಿಗೆ ಬೇಕು, ಚಟ್ನಿಗೆ ಬೇಕು, ಬಿರಿಯಾನಿಯ ಮಸಾಲೆಗೆ ಬೇಕು, ಅದರ ಜೊತೆಗಿನ ಕಚುಂಬರಿಗೂ ಬೇಕು. ಆದರೆ ಇಷ್ಟು ವರ್ಷಗಳಲ್ಲಿ “ನಿಮಗೆ ಯಾವ ಟೊಮೆಟೊ ರುಚಿ ಎನಿಸುತ್ತದೆ?” ಎಂದು ಯಾರಾದರೂ ನಿಮ್ಮನ್ನು ಕೇಳಿದ್ದುಂಟೇ? 2023ರ ಜುಲೈ ತಿಂಗಳಲ್ಲಿ ಕಿಲೋ ಟೊಮೆಟೊದ ಬೆಲೆ ನೂರು ರೂಪಾಯಿ ದಾಟಿದಾಗ ಟಿ.ವಿ.ಯವರು ಮೈಕ್ ಹಿಡಿದು ಗೃಹಿಣಿಯರನ್ನು ಮಾತನಾಡಿಸಿದರು. ಆಗ ಅವರು ಕೇಳಿದ್ದು ಬೆಲೆಯ ಬಗ್ಗೆ. ರುಚಿಯ ಬಗ್ಗೆ ಕೇಳುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಕೇಳುವವರಿಲ್ಲದಿದ್ದರೆ ನಾವೇ ಒಟ್ಟಿಗೆ ಕುಳಿತು ಹೇಳಬಹುದಲ್ಲವೇ? ನಮ್ಮ ಕರಾವಳಿಯಲ್ಲಿ ಪ್ರತಿ ವರ್ಷ ಮೇ, ಜೂನ್ ಹೊತ್ತಿಗೆ ಹಲಸಿನ ಮೇಳಗಳು ನಡೆಯುತ್ತವೆ. ಜನರು ಬೇರೆ ಬೇರೆ ಮರಗಳ ತೊಳೆಗಳನ್ನು ತಿಂದು ನೋಡುತ್ತಾರೆ, ಇಷ್ಟವಾದುದರ ಗಿಡ ಕೊಂಡು ಹೋಗುತ್ತಾರೆ. ಅದೇ ರೀತಿ ಹಿತ್ತಿಲಲ್ಲಿ, ತಾರಸಿಯಲ್ಲಿ ಟೊಮೆಟೊ ಬೆಳೆಯುವ ಮಹಿಳೆಯರು ವರ್ಷಕ್ಕೊಮ್ಮೆ ಸೇರಿ ಪರಸ್ಪರರ ಹಣ್ಣುಗಳ ರುಚಿ ನೋಡುವ ಒಂದು ಕೂಟವನ್ನು ಏಕೆ ಮಾಡಬಾರದು? ಈ ತಿಂಗಳು ಅದರ ಬಗ್ಗೆ ಬರೆಯುತ್ತಿದ್ದೇನೆ.

ಮೊದಲು ಅಂಗಡಿಯ ಟೊಮೆಟೊಗೆ ರುಚಿ ಏಕೆ ಕಡಿಮೆ ಎಂಬುದನ್ನು ತಿಳಿಯೋಣ. ನಮ್ಮಲ್ಲಿಗೆ ಬರುವ ಟೊಮೆಟೊ ಹೆಚ್ಚಾಗಿ ಘಾಟಿ ಇಳಿದು ಬರುತ್ತದೆ. ಕೋಲಾರದ ಮಾರುಕಟ್ಟೆಯಲ್ಲಿ ಅದು 15 ಕಿಲೋದ ಪೆಟ್ಟಿಗೆಯ ಲೆಕ್ಕದಲ್ಲಿ ಹರಾಜಾಗುತ್ತದೆ. ಪೆಟ್ಟಿಗೆಯ ತಳದಲ್ಲಿರುವ ಹಣ್ಣು ಒಡೆಯಬಾರದು, ಲಾರಿಯಲ್ಲಿ ಕೊಳೆಯಬಾರದು, ಅಂಗಡಿಯಲ್ಲಿ ಒಂದು ವಾರ ಕೆಡಬಾರದು. ಬೆಳೆಗಾರನಿಗೂ ವ್ಯಾಪಾರಿಗೂ ಇದು ಬೇಕೇ ಬೇಕು, ಅವರನ್ನು ದೂರುವಂತಿಲ್ಲ. ಆದ್ದರಿಂದ ತಳಿಗಳನ್ನು ಆರಿಸುವಾಗ ದಪ್ಪ ಸಿಪ್ಪೆ, ಗಟ್ಟಿ ತಿರುಳು, ಹೆಚ್ಚು ಇಳುವರಿ ಮತ್ತು ರೋಗ ತಡೆಯುವ ಶಕ್ತಿಯನ್ನು ಮೊದಲು ನೋಡಲಾಯಿತು. ರುಚಿ ಹಿಂದೆ ಉಳಿಯಿತು.

ಇದು ಬರೀ ನಮ್ಮ ಬಾಯಿಯ ಅನಿಸಿಕೆಯಲ್ಲ. ನಾಟಿ ಟೊಮೆಟೊ ಕಾಯಿಯಾಗಿರುವಾಗ ತೊಟ್ಟಿನ ಸುತ್ತ ಕಡು ಹಸಿರು ಬಣ್ಣವಿರುವುದನ್ನು ನೀವು ನೋಡಿರಬಹುದು. ಹಣ್ಣು ಎಲ್ಲ ಕಡೆ ಒಂದೇ ಸಮನಾಗಿ ಕೆಂಪಾಗಲಿ ಎಂದು ತಳಿ ಅಭಿವೃದ್ಧಿ ಮಾಡುವವರು ಹಲವು ದಶಕಗಳಿಂದ ಈ ಹಸಿರು ಇಲ್ಲದ ಗಿಡಗಳನ್ನೇ ಆರಿಸುತ್ತ ಬಂದರು. ಆದರೆ ಆ ಹಸಿರಿಗೆ ಕಾರಣವಾದ ಗುಣವೇ ಹಣ್ಣಿನಲ್ಲಿ ಸಕ್ಕರೆ ಹೆಚ್ಚಲು ಸಹಾಯ ಮಾಡುತ್ತದೆ ಎಂದು 2012ರಲ್ಲಿ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಚೆಂದದ ಬಣ್ಣಕ್ಕಾಗಿ ಸಿಹಿಯನ್ನು ಬಿಟ್ಟುಕೊಟ್ಟಂತಾಯಿತು. 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನಕ್ಕಾಗಿ ಅಮೆರಿಕದ ಫ್ಲೋರಿಡಾದಲ್ಲಿ ಸಾಮಾನ್ಯ ಜನರನ್ನು ಕೂರಿಸಿ ಸುಮಾರು ನೂರು ಬಗೆಯ ಟೊಮೆಟೊಗಳ ರುಚಿ ನೋಡಿಸಲಾಗಿತ್ತು. ಟೊಮೆಟೊಗೆ ಪರಿಮಳ ಕೊಡುವ ಹಲವು ಅಂಶಗಳು ಹೊಸ ತಳಿಗಳಲ್ಲಿ ಕಡಿಮೆಯಾಗಿವೆ ಎಂದು ಅದು ತಿಳಿಸಿತು. ಗಮನಿಸಿರಿ, ಪ್ರಯೋಗಾಲಯದಲ್ಲಿ ಎಷ್ಟೇ ಯಂತ್ರಗಳಿದ್ದರೂ ಕೊನೆಗೆ ಅವರಿಗೂ ಜನರ ನಾಲಿಗೆಯನ್ನೇ ಕೇಳಬೇಕಾಯಿತು.

ಹಿತ್ತಿಲಲ್ಲಿ ನಾಲ್ಕು ಗಿಡ ನೆಟ್ಟವರಿಗೆ ಲಾರಿಯ ಚಿಂತೆಯಿಲ್ಲ. ಗಿಡದಿಂದ ಕಿತ್ತ ಹಣ್ಣು ಹತ್ತು ಹೆಜ್ಜೆ ನಡೆದರೆ ಅಡುಗೆಮನೆ ಸೇರುತ್ತದೆ. ಸಿಪ್ಪೆ ತೆಳ್ಳಗಿದ್ದರೂ ನಡೆಯುತ್ತದೆ, ಆಕಾರ ಸೊಟ್ಟಗಿದ್ದರೂ ನಡೆಯುತ್ತದೆ. ರುಚಿಯನ್ನೇ ಮೊದಲು ನೋಡಿ ತಳಿ ಆರಿಸುವ ಅನುಕೂಲ ಅವರಿಗಿದೆ. ಆದರೆ ಒಬ್ಬರ ಹಿತ್ತಿಲಲ್ಲಿ ಎರಡು ಅಥವಾ ಮೂರು ಬಗೆ ಮಾತ್ರ ಇರುತ್ತವೆ. ಹೋಲಿಸಿ ನೋಡಲು ಹತ್ತು ಮನೆಗಳ ಹಣ್ಣು ಒಂದೆಡೆ ಸೇರಬೇಕು.

ಕೂಟ ಒಂದೇ ಬೀದಿಯದ್ದಾಗದೆ ಇಡೀ ಪ್ರದೇಶದ್ದಾಗಿರಲಿ ಎನ್ನಲು ಕಾರಣವಿದೆ. ಬಂಟ್ವಾಳದ ಕೆಂಪು ಮಣ್ಣಿನಲ್ಲಿ, ಕುಂದಾಪುರದ ಹೊಯಿಗೆಯಲ್ಲಿ, ಪುತ್ತೂರಿನ ಅಡಿಕೆ ತೋಟದ ಬದಿಯಲ್ಲಿ, ಮಂಗಳೂರಿನ ತಾರಸಿಯ ಚೀಲದಲ್ಲಿ ಒಂದೇ ಬೀಜ ನೆಟ್ಟರೂ ಹಣ್ಣು ಒಂದೇ ತರಹ ಆಗುವುದಿಲ್ಲ. ಬಿಸಿಲು, ನೀರು, ಗೊಬ್ಬರ ಎಲ್ಲವೂ ರುಚಿಯಲ್ಲಿ ಕಾಣುತ್ತವೆ. ಹಣ್ಣಾಗುವ ಹೊತ್ತಿಗೆ ನೀರು ಅತಿಯಾದರೆ ರುಚಿ ಸಪ್ಪೆಯಾಗುತ್ತದೆ. ಅದಲ್ಲದೆ ನಮ್ಮ ಕರಾವಳಿಯ ಹುಳಿ ಮಣ್ಣಿನಲ್ಲಿ ಸೊರಗು ರೋಗದ ಕಾಟವಿದೆ. ನಿನ್ನೆ ಹಸಿರಾಗಿದ್ದ ಗಿಡ ಇಂದು ಬಾಡಿ ಜೋತು ಬೀಳುತ್ತದೆ. ಬೇರಿನ ಮೂಲಕ ಬರುವ ಬ್ಯಾಕ್ಟೀರಿಯಾ ಅದಕ್ಕೆ ಕಾರಣ. ಯಾರ ಮನೆಯಲ್ಲಿ ಯಾವ ಗಿಡ ಈ ರೋಗ ತಡೆದು ಉಳಿಯಿತು ಎಂಬ ಮಾಹಿತಿ ರುಚಿಯಷ್ಟೇ ಮುಖ್ಯ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಆಭಾ’ ತಳಿಗೆ ಈ ರೋಗ ತಡೆಯುವ ಗುಣವಿದೆ. ಅದರ ಹಣ್ಣು ನಿಮ್ಮ ಅಜ್ಜಿಯ ಕಾಲದ ನಾಟಿ ಹಣ್ಣಿನ ಮುಂದೆ ಹೇಗಿದೆ? ಎರಡನ್ನೂ ಒಂದೇ ಹೊತ್ತಿನಲ್ಲಿ ಬಾಯಿಗಿಟ್ಟರೆ ಮಾತ್ರ ಹೇಳಲು ಸಾಧ್ಯ.

ಇನ್ನು ಸಿದ್ಧತೆಯ ವಿಷಯ. ಕರಾವಳಿಯ ಮಳೆಯಲ್ಲಿ ಟೊಮೆಟೊ ನಿಲ್ಲುವುದಿಲ್ಲ. ಮಳೆ ಇಳಿಯುವ ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿ, 25-30 ದಿನದ ಸಸಿಯನ್ನು ಕಿತ್ತು ನೆಟ್ಟರೆ, ಜನವರಿಯಲ್ಲಿ ಹಣ್ಣು ಚೆನ್ನಾಗಿ ಸಿಗುತ್ತದೆ. ಕೂಟ ಆಗಲೇ ಆಗಬೇಕು. ದಿನ ಗೊತ್ತು ಮಾಡುವ ಮೊದಲು ಕ್ಯಾಲೆಂಡರ್ ನೋಡಿರಿ. ರಮಝಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಈಗ ಫೆಬ್ರವರಿಗೆ ಬಂದಿದೆ, ಮುಂದೆ ಜನವರಿಗೂ ಬರುತ್ತದೆ. ಉಪವಾಸದ ಹಗಲಲ್ಲಿ ರುಚಿ ನೋಡುವ ಕೂಟ ಇಡುವಂತಿಲ್ಲ. ನೆರೆಯ ಹಿಂದೂ, ಕ್ರೈಸ್ತ ಸಹೋದರಿಯರನ್ನೂ ಕರೆಯಿರಿ. ಅವರ ವ್ರತದ ದಿನಗಳನ್ನೂ ಕೇಳಿ ತಿಳಿಯಿರಿ. ಬಸಳೆಯ ಚಪ್ಪರ, ತೊಂಡೆಯ ಬಳ್ಳಿ ಬೇಲಿಯಾಚೆಗೆ ಕೊಟ್ಟು ತೆಗೆದುಕೊಂಡು ಬೆಳೆದವರು ನಾವು. ಟೊಮೆಟೊದ ಬೀಜವೂ ಹಾಗೆಯೇ ದಾಟಲಿ.

ಸ್ಥಳಕ್ಕೆ ಮದ್ರಸದ ಸಭಾಂಗಣವೋ, ಶಾಲೆಯ ಒಂದು ಕೋಣೆಯೋ, ದೊಡ್ಡ ಚಾವಡಿಯಿರುವ ಮನೆಯೋ ಸಾಕು. ಬಸ್ಸಿಗೆ ಹತ್ತಿರವಿರಲಿ. ಮಧ್ಯಾಹ್ನದ ಅಡುಗೆ ಮುಗಿಸಿ ಬಂದು, ಮಕ್ಕಳು ಶಾಲೆಯಿಂದ ಬರುವ ಮೊದಲು ಮನೆ ಸೇರುವಂತೆ ಸಮಯವಿಡಿರಿ. ಇಲ್ಲದಿದ್ದರೆ ಎಷ್ಟೋ ಸಹೋದರಿಯರು ಬರಲು ಮನಸ್ಸಿದ್ದರೂ ಬರಲಾರರು. ಬರಲಾಗದವರು ಹಣ್ಣನ್ನು ಮಾತ್ರ ಕಳುಹಿಸಿದರೂ ಸ್ವೀಕರಿಸಿರಿ.

ಪ್ರತಿಯೊಬ್ಬರೂ ಒಂದು ಬಗೆಯ ಒಂದು ಕಿಲೋ ಹಣ್ಣು ತರಲಿ. ಒಂದು ಚೀಟಿಯಲ್ಲಿ ಬೀಜ ಎಲ್ಲಿಂದ ಬಂತು, ಎಷ್ಟು ವರ್ಷದಿಂದ ಇದೆ, ಮಣ್ಣು ಯಾವುದು, ಏನು ಗೊಬ್ಬರ ಹಾಕಿದಿರಿ, ಸೊರಗು ರೋಗ ಬಂತೇ ಎಂದು ಬರೆದಿರಲಿ. ಸುಡುಮಣ್ಣು, ಬೂದಿ, ಮೀನು ತೊಳೆದ ನೀರು, ಏನು ಹಾಕಿದ್ದರೂ ಬರೆಯಿರಿ. ಹಣ್ಣು ಗಿಡದಲ್ಲೇ ಮಾಗಿರಬೇಕು. ಅದನ್ನು ಫ್ರಿಜ್‌ನಲ್ಲಿ ಇಡಬಾರದು. ಟೊಮೆಟೊವನ್ನು ಕೆಲವು ದಿನ ಫ್ರಿಜ್‌ನ ತಣ್ಣಗಿನಲ್ಲಿಟ್ಟರೆ ಅದರ ಪರಿಮಳ ಕುಂದುತ್ತದೆ, ಹೊರಗೆ ತೆಗೆದ ಮೇಲೂ ಪೂರ್ತಿಯಾಗಿ ಮರಳುವುದಿಲ್ಲ ಎಂಬುದು 2016ರ ಒಂದು ಸಂಶೋಧನೆಯಲ್ಲಿ ಸ್ಪಷ್ಟವಾಗಿದೆ. ಮನೆಯಲ್ಲೂ ಇದನ್ನು ನೆನಪಿಡಿರಿ.

ತಟ್ಟೆಯ ಮೇಲೆ ಬೆಳೆದವರ ಹೆಸರು ಬೇಡ, ಅಂಕೆ ಮಾತ್ರ ಇರಲಿ. ಹೆಸರಿದ್ದರೆ ಅತ್ತೆಯ ಹಣ್ಣಿಗೆ ಸೊಸೆ ಕಡಿಮೆ ಅಂಕ ಕೊಡುವುದು ಕಷ್ಟ! ಹಣ್ಣನ್ನು ತಿನ್ನುವ ಹೊತ್ತಿಗೆ ಸರಿಯಾಗಿ ಉದ್ದಕ್ಕೆ ಹೆಚ್ಚಿರಿ. ಒಳಗಿನ ಲೋಳೆ ಮತ್ತು ಬೀಜವನ್ನು ತೆಗೆಯಬೇಡಿರಿ. ಸಾರಿಗೆ ರುಚಿ ಕೊಡುವ ಅಂಶ ತಿರುಳಿಗಿಂತ ಲೋಳೆಯಲ್ಲೇ ಹೆಚ್ಚು. ಮೊದಲ ತುಂಡನ್ನು ಉಪ್ಪಿಲ್ಲದೆ, ಎರಡನೆಯದನ್ನು ಚಿಟಿಕೆ ಉಪ್ಪಿನೊಂದಿಗೆ ತಿನ್ನಿರಿ. ನಡುವೆ ಬಾಯಿ ಶುದ್ಧವಾಗಲು ನೀರು ಮತ್ತು ಸ್ವಲ್ಪ ಮಂಡಕ್ಕಿ ಇರಲಿ. ಒಂದು ಕೂಟಕ್ಕೆ ಹತ್ತು-ಹನ್ನೆರಡು ಬಗೆ ಸಾಕು. ಅದಕ್ಕಿಂತ ಹೆಚ್ಚಾದರೆ ನಾಲಿಗೆಗೆ ವ್ಯತ್ಯಾಸ ತಿಳಿಯುವುದಿಲ್ಲ.

ಸಿಹಿ, ಹುಳಿ, ಪರಿಮಳ, ಸಿಪ್ಪೆ ಎಂದು ನಾಲ್ಕು ಕಾಲಂ ಮಾಡಿ ಒಂದರಿಂದ ಐದರವರೆಗೆ ಅಂಕ ಕೊಡಬಹುದು. ಆದರೆ ಓದು ಬರಹ ಬಾರದ ಹಿರಿಯರನ್ನು ಮರೆಯಬೇಡಿರಿ. ಅವರಿಗಾಗಿ ಪ್ರತಿ ತಟ್ಟೆಯ ಮುಂದೆ ಒಂದು ಲೋಟವಿಟ್ಟು ಕೈಗೆ ಐದು ಹುಣಸೆ ಬೀಜ ಕೊಡಿರಿ. ಇಷ್ಟವಾದ ಹಣ್ಣಿನ ಲೋಟಕ್ಕೆ ಹಾಕುತ್ತ ಹೋಗಲಿ. ವಾಸ್ತವದಲ್ಲಿ ಎಲ್ಲರಿಗೂ ಬೀಜವೇ ಒಳ್ಳೆಯದು. ಲೆಕ್ಕ ಎಲ್ಲರ ಕಣ್ಣೆದುರೇ ಆಗುತ್ತದೆ.

ಹಸಿಯಾಗಿ ತಿಂದು ನೋಡಿದರಷ್ಟೇ ಸಾಲದು. ಒಮ್ಮೆ ನಮ್ಮ ಮೊಹಲ್ಲಾದ ಎಂಟು ಮನೆಗಳವರು ಸೇರಿ ಸಣ್ಣದಾಗಿ ಹೀಗೆ ರುಚಿ ನೋಡಿದ್ದೆವು. ಚಿಕ್ಕ ಗುಂಡು ಹಣ್ಣಿನ ಲೋಟದಲ್ಲಿ ಬೀಜ ತುಂಬಿತು, ಮಕ್ಕಳೆಲ್ಲ ಅದಕ್ಕೇ ಹಾಕಿದರು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಮಾತ್ರ ತಮ್ಮ ಐದು ಬೀಜಗಳನ್ನೂ ಮುಷ್ಟಿಯಲ್ಲೇ ಹಿಡಿದು ಕುಳಿತಿದ್ದರು. ಕೇಳಿದರೆ, “ಸಾರು ಮಾಡದೆ ಹೇಗೆ ಹೇಳುವುದು ಮಗಾ?” ಎಂದರು. ಅವರ ಮಾತಿನಂತೆ ಮೂರು ಬಗೆಯನ್ನು ಬೇರೆ ಬೇರೆ ಪಾತ್ರೆಯಲ್ಲಿ ಬೇಯಿಸಿ ಬರೀ ಉಪ್ಪು, ಬೆಳ್ಳುಳ್ಳಿ ಹಾಕಿ ನೋಡಿದೆವು. ಸಿಹಿ ಹಣ್ಣಿನ ಸಾರು ಸಪ್ಪೆಯಾಗಿತ್ತು. ಹಸಿಯಾಗಿ ತಿನ್ನುವಾಗ ಯಾರಿಗೂ ಬೇಡವಾಗಿದ್ದ, ಸೀಳು ಸೀಳಾದ ಹುಳಿ ನಾಟಿ ಹಣ್ಣಿನ ಸಾರಿಗೆ ಪರಿಮಳ ಬಂದಿತ್ತು. ಅಜ್ಜಿ ಐದೂ ಬೀಜ ಅದರ ಲೋಟಕ್ಕೆ ಹಾಕಿದರು. ಆದುದರಿಂದ ಹಸಿಯಾಗಿ ತಿನ್ನಲು, ಸಾರಿಗೆ, ಬಿರಿಯಾನಿಯ ಮಸಾಲೆಗೆ ಎಂದು ಮೂರು ವಿಭಾಗ ಮಾಡಿರಿ. ಒಂದೇ ಹಣ್ಣನ್ನು ಗೆಲ್ಲಿಸಿದರೆ ಉಳಿದವುಗಳ ಬೀಜ ಮುಂದಿನ ವರ್ಷ ಯಾರೂ ಹಾಕಲಾರರು.

ಕೂಟದ ನಿಜವಾದ ಲಾಭ ಇರುವುದು ಈ ಬೀಜದಲ್ಲೇ. ನಾಟಿ ಟೊಮೆಟೊದ ಬೀಜ ಯಾವ ಅಂಗಡಿಯ ಪೊಟ್ಟಣದಲ್ಲೂ ಇಲ್ಲದಿರಬಹುದು. ಅದು ಯಾವುದೋ ಮನೆಯ ಅಜ್ಜಿಯ ಡಬ್ಬಿಯಲ್ಲಿರುತ್ತದೆ. ಆಕೆಗೆ ಗಿಡ ನೋಡಲು ಶಕ್ತಿಯಿಲ್ಲದಾದಾಗ, ಮನೆಯಲ್ಲಿ ಬೇರೆ ಯಾರೂ ಕೇಳದಿದ್ದಾಗ, ನಾಲ್ಕೈದು ವರ್ಷದಲ್ಲಿ ಆ ಬೀಜ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ನಂತರ ಎಷ್ಟು ಹಣ ಕೊಟ್ಟರೂ ಅದು ಸಿಗುವುದಿಲ್ಲ. ಅದೇ ಬೀಜ ಐದು ಮನೆಗಳಿಗೆ ಹೋಗಿದ್ದರೆ, ನಾಲ್ಕು ಕಡೆ ಸೊರಗು ರೋಗಕ್ಕೆ ಸತ್ತರೂ ಐದನೆಯ ಮನೆಯಲ್ಲಿ ಉಳಿಯುತ್ತದೆ.

ಬೀಜ ತೆಗೆಯುವ ಕ್ರಮ ಸುಲಭ. ರೋಗವಿಲ್ಲದ ಗಿಡದ ಚೆನ್ನಾಗಿ ಮಾಗಿದ ಹಣ್ಣನ್ನು ಆರಿಸಿ, ಲೋಳೆಸಹಿತ ಬೀಜವನ್ನು ಗಾಜಿನ ಲೋಟಕ್ಕೆ ಹಾಕಿ, ಸ್ವಲ್ಪ ನೀರು ಸೇರಿಸಿ ಎರಡು-ಮೂರು ದಿನ ಬಿಡಿರಿ. ದಿನಕ್ಕೊಮ್ಮೆ ಕಲಕಿರಿ. ಹುಳಿ ಬಂದು ಲೋಳೆ ಬಿಟ್ಟುಕೊಳ್ಳುತ್ತದೆ, ಒಳ್ಳೆಯ ಬೀಜ ತಳದಲ್ಲಿ ನಿಲ್ಲುತ್ತದೆ. ತೊಳೆದು ತಟ್ಟೆಯಲ್ಲಿ ಹರಡಿ ನೆರಳಲ್ಲಿ ಒಣಗಿಸಿರಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ. ನಮ್ಮ ಮಳೆಗಾಲದ ತೇವ ತಾಗದಂತೆ ಬೂದಿ ಬೆರೆಸಿ ಬಿಗಿ ಮುಚ್ಚಳದ ಬಾಟಲಿಯಲ್ಲಿಡಿರಿ. ಟೊಮೆಟೊದ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ ನಾಟಿ ಬೀಜದಿಂದ ಬಹುಮಟ್ಟಿಗೆ ಅದೇ ಗುಣದ ಗಿಡ ಬರುತ್ತದೆ. ಪೊಟ್ಟಣದ ಮೇಲೆ ‘ಎಫ್-1’ ಅಥವಾ ‘ಹೈಬ್ರಿಡ್’ ಎಂದಿದ್ದರೆ ಹಾಗಲ್ಲ. ಅದರ ಹಣ್ಣಿನ ಬೀಜದಿಂದ ಬೇರೆ ಬೇರೆ ತರಹದ ಗಿಡಗಳು ಹುಟ್ಟುತ್ತವೆ. ಹೈಬ್ರಿಡ್ ಹಣ್ಣನ್ನು ಕೂಟಕ್ಕೆ ತರಬಹುದು, ಆದರೆ ಅದರ ಬೀಜ ಹಂಚುವಾಗ ಈ ವಿಷಯ ಹೇಳಿಬಿಡಿರಿ.

ಸಾಧ್ಯವಾದರೆ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಿಂದಲೋ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಿಂದಲೋ ಒಬ್ಬರನ್ನು ಕರೆಯಿರಿ. ಭಾಷಣಕ್ಕಲ್ಲ, ಕೂತು ಕೇಳುವುದಕ್ಕೆ. ಯಾವ ಹಣ್ಣಿಗೆ ಮಹಿಳೆಯರು ಹೆಚ್ಚು ಬೀಜ ಹಾಕಿದರು, ಯಾವ ಗಿಡ ಯಾರ ಮಣ್ಣಿನಲ್ಲಿ ಉಳಿಯಿತು ಎಂಬ ಪಟ್ಟಿಯ ಒಂದು ಪ್ರತಿಯನ್ನು ಅವರ ಕೈಗೆ ಕೊಡಿರಿ. ಇನ್ನೊಂದು ಪ್ರತಿ ನಿಮ್ಮಲ್ಲಿರಲಿ, ಮುಂದಿನ ವರ್ಷದ ಪಟ್ಟಿಯೊಂದಿಗೆ ಹೋಲಿಸಲು ಬೇಕಾಗುತ್ತದೆ.

ಇಷ್ಟೆಲ್ಲ ಆಗುವುದೇ ಎಂದು ಸಂಕೋಚಪಡಬೇಡಿರಿ. ಮೊದಲ ವರ್ಷ ಆರು ಮನೆ, ಆರು ತಟ್ಟೆ, ಒಂದು ಪಾತ್ರೆ ಸಾರು ಸಾಕು. ಈ ವಾರ ನೀವು ಮಾಡಬೇಕಾದ ಕೆಲಸ ಒಂದೇ. ನಿಮ್ಮ ಕುಟುಂಬದಲ್ಲಿ ಅಥವಾ ನೆರೆಯಲ್ಲಿ ಹಳೆಯ ಟೊಮೆಟೊ ಬೀಜ ಯಾರ ಡಬ್ಬಿಯಲ್ಲಿದೆ ಎಂದು ವಿಚಾರಿಸಿರಿ. ಸಿಕ್ಕಿದರೆ ಹತ್ತು ಕಾಳು ಕೇಳಿ ತನ್ನಿರಿ, ಯಾರು ಕೊಟ್ಟರೆಂದು ಪೊಟ್ಟಣದ ಮೇಲೆ ಬರೆದಿಡಿರಿ.