ಕೈಚೀಲಕ್ಕೆ ದಂಡ, ಕೊರಿಯರ್ ಕವರ್‌ಗೆ ಯಾರ ಹೊಣೆ?

ಸಿಂಧನೂರು: ಸಂತೆಯಲ್ಲಿ ಕಾಯಿಪಲ್ಲೆ ಮಾರುವವರು ಪ್ಲಾಸ್ಟಿಕ್ ಚೀಲ ಕೊಟ್ಟರೆ ದಂಡ. ಕಿರಾಣಿ ಅಂಗಡಿಯಲ್ಲಿ ಸಿಕ್ಕರೆ ಜಪ್ತಿ. ಅದೇ ಓಣಿಗೆ ಬೈಕ್ ಮೇಲೆ ಬರುವ ಆನ್‌ಲೈನ್ ಪಾರ್ಸೆಲ್‌ಗೆ ಸುತ್ತಿದ ಪ್ಲಾಸ್ಟಿಕ್ ಕವರ್ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. 'ನಮಗೊಂದು ಕಾನೂನು, ಆನ್‌ಲೈನ್‌ನವರಿಗೊಂದು ಕಾನೂನಾ?' ಅಂತ ಅಂಗಡಿಕಾರರು ಕೇಳಿದರೆ ಅದನ್ನು ಬರೀ ಹೊಟ್ಟೆಯುರಿ ಅಂದುಬಿಡುವಂತಿಲ್ಲ.

ಕಾನೂನೇ ಎರಡು ದಾರಿ ಹಿಡಿದಿದೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಬ್ಯಾನರ್‌ಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ದೇಶದಾದ್ಯಂತ ಬಂದ್ ಮಾಡಿತು. ಕೊರಿಯರ್ ಕವರ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದು 'ಪ್ಯಾಕೇಜಿಂಗ್', ಅದಕ್ಕೆ ಬೇರೆ ನಿಯಮ. 2022ರ ಫೆಬ್ರುವರಿಯ ಮಾರ್ಗಸೂಚಿ ಪ್ರಕಾರ ಪ್ಲಾಸ್ಟಿಕ್ ಪ್ಯಾಕಿಂಗ್ ಮಾರುಕಟ್ಟೆಗೆ ಬಿಡುವ ಕಂಪನಿಗಳೇ ಅದರ ಕಸದ ವಿಲೇವಾರಿಗೂ ಹೊಣೆ. ದೊಡ್ಡ ಆನ್‌ಲೈನ್ ಮಾರಾಟ ಕಂಪನಿಗಳೂ ಇದರಲ್ಲಿ ಬರುತ್ತವೆ. 2023-24ರಿಂದ ಆ ಗುರಿ ಶೇ 100.

ಕಾಗದದ ಮೇಲೆ ಬಹಳ ಚಲೋ ಐತಿ. ತೊಡಕು ಇರುವುದು ಲೆಕ್ಕ ತೋರಿಸುವ ವಿಧಾನದಲ್ಲಿ. ಕಂಪನಿಯು ಮಸ್ಕಿಗೆ ಕಳಿಸಿದ ಕವರನ್ನು ಮಸ್ಕಿಯಿಂದಲೇ ವಾಪಸ್ ಒಯ್ಯಬೇಕೆಂದಿಲ್ಲ. ಬೇರೆ ರಾಜ್ಯದ ಮರುಬಳಕೆ ಘಟಕವೊಂದು ಅಷ್ಟೇ ತೂಕದ, ಅದೇ ವರ್ಗದ ಪ್ಲಾಸ್ಟಿಕ್ ಸಂಸ್ಕರಿಸಿ ಪಡೆದ ಪ್ರಮಾಣಪತ್ರವನ್ನು ಖರೀದಿಸಿದರೂ ಲೆಕ್ಕ ಸರಿಹೋಗುತ್ತದೆ. ದೇಶದ ಲೆಕ್ಕದಲ್ಲಿ ಕವರ್ ಕರಗಿತು, ಮಸ್ಕಿಯ ಚರಂಡಿಯಲ್ಲಿ ಹಾಗೇ ಉಳಿಯಿತು. ಅದನ್ನು ಎತ್ತುವ ಖರ್ಚು ಪುರಸಭೆಯದು, ಅಂದರೆ ಇಲ್ಲಿನ ಮನೆ, ಮಳಿಗೆಗಳ ತೆರಿಗೆಯದು.

ರಟ್ಟಿನ ಡಬ್ಬಿಯಾದರೆ ಗುಜರಿ ಅಂಗಡಿಗೆ ಹೋಗುತ್ತದೆ, ನಾಲ್ಕು ಕಾಸು ಸಿಗುತ್ತದೆ. ಅಂಟು, ಟೇಪು, ವಿಳಾಸದ ಚೀಟಿ ಮೆತ್ತಿಕೊಂಡ ತೆಳು ಕವರಿಗೆ ತೂಕವಿಲ್ಲ, ಬೆಲೆಯಿಲ್ಲ. ಚಿಂದಿ ಆಯುವವರೂ ಬಿಟ್ಟುಹೋಗುತ್ತಾರೆ. ಕೊನೆಗೆ ಅದು ಸುಡುವ ತಿಪ್ಪೆಗೋ ಕಾಲುವೆಗೋ ಸೇರುತ್ತದೆ.

ಅಮೆಜಾನ್ 2020ರಲ್ಲಿ, ಫ್ಲಿಪ್‌ಕಾರ್ಟ್ 2021ರಲ್ಲಿ ತಮ್ಮ ಗೋದಾಮುಗಳ ಪ್ಯಾಕಿಂಗ್‌ನಿಂದ ಒಮ್ಮೆ ಬಳಸುವ ಪ್ಲಾಸ್ಟಿಕ್ ತೆಗೆದಿದ್ದೇವೆ ಎಂದು ಹೇಳಿಕೊಂಡವು. 'ತಮ್ಮ ಗೋದಾಮು' ಎಂಬ ಮಾತನ್ನು ಗಮನಿಸಬೇಕು. ಸಣ್ಣ ಮಾರಾಟಗಾರರು ತಾವೇ ಪ್ಯಾಕ್ ಮಾಡಿ ಕಳಿಸುವ ಮಾಲು ಆ ಮಾತಿನ ಹೊರಗೆ ಉಳಿಯುತ್ತದೆ.

ಕವರಿಗಿಂತ ದೊಡ್ಡ ನಷ್ಟ ವಾಪಸಾತಿಯದು. ಇದು ಮಾತ್ರ ಯಾರಿಗೂ ಕಾಣಿಸುವುದಿಲ್ಲ. ಸೂರತ್‌ನಿಂದ ಹೊರಟ ಸೀರೆ ನೂರಾರು ಕಿಲೋಮೀಟರ್ ಬಂದು ಲಿಂಗಸುಗೂರು ತಾಲ್ಲೂಕಿನ ಹಳ್ಳಿ ಮುಟ್ಟುತ್ತದೆ. 'ಫೋಟೊದಾಗಿನ ಬಣ್ಣ ಅಲ್ಲ ಇದು', 'ರೊಕ್ಕ ಇಲ್ಲ, ಬ್ಯಾಡ' ಅಂದರೆ ಮುಗಿಯಿತು. ಅದೇ ದಾರಿಯಲ್ಲಿ ತಿರುಗಿ ಹೋಗಬೇಕು. ಡೀಸೆಲ್ ಎರಡು ಪಟ್ಟು, ಮತ್ತೆ ಹೊಸ ಕವರ್, ವ್ಯಾಪಾರ ಮಾತ್ರ ಸೊನ್ನೆ. ಮಾಲು ಬಂದ ಮೇಲೆ ಹಣ ಕೊಡುವ ಪದ್ಧತಿಯಲ್ಲಿ ಬೇಡ ಅನ್ನುವುದು ಗಿರಾಕಿಗೆ ಸಲೀಸು.

ಈ ಮಾತು ಊರಿನ ವ್ಯಾಪಾರಿಗಳಿಗೂ ಈಗ ಹತ್ತಿರದ್ದು. 2023ರ ಅಕ್ಟೋಬರ್ 1ರಿಂದ, ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮಿತಿಯೊಳಗಿದ್ದರೆ, ಜಿಎಸ್‌ಟಿ ನೋಂದಣಿ ಇಲ್ಲದೆಯೂ ರಾಜ್ಯದೊಳಗೆ ಆನ್‌ಲೈನ್ ವೇದಿಕೆಗಳ ಮೂಲಕ ಸರಕು ಮಾರಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆಯೊಂದನ್ನು ಪಡೆದರೆ ಸಾಕು. ಸಿಂಧನೂರಿನ ಸೋನಾ ಮಸೂರಿ ಅಕ್ಕಿಗಾಗಲಿ, ಮನೆಯಲ್ಲಿ ತಯಾರಿಸಿದ ಶೇಂಗಾ ಚಟ್ನಿಗಾಗಲಿ ಇದೊಂದು ಬಾಗಿಲು. ರಾಜ್ಯದೊಳಗೇ ಮಾರಿದರೆ ದೂರವೂ ಕಮ್ಮಿ, ಹೊಗೆಯೂ ಕಮ್ಮಿ. ಸರ್ಕಾರ ಪರಿಸರಕ್ಕಾಗಿ ಮಾಡಿದ್ದಲ್ಲ ಅದು, ಆದರೂ ಒಳ್ಳೆಯದೇ ಆಯಿತು.

ಇಲ್ಲಿಂದ ಮಾಲು ಕಳಿಸುವವರು ಹೊಸ ಕವರ್ ಕೊಳ್ಳುವ ಮೊದಲು ಅಂಗಡಿಯ ಹಿಂದೆ ಬಿದ್ದ ರಟ್ಟಿನ ಡಬ್ಬಿಗಳನ್ನು ನೋಡಬೇಕು. ಬಿಸ್ಕತ್ತು, ಸೋಪಿನ ಡಬ್ಬಿಗಳು ದಿನವೂ ಬರುತ್ತವೆ. ಅವನ್ನೇ ಮಾಲಿನ ಅಳತೆಗೆ ಕತ್ತರಿಸಿ, ಕಾಗದದ ಟೇಪು ಹಚ್ಚಿದರೆ ಖರ್ಚೂ ಉಳಿಯುತ್ತದೆ. ಒಳಗೆ ತುಂಬಲು ಗುಳ್ಳೆ ಪ್ಲಾಸ್ಟಿಕ್ ಬದಲು ಹಳೇ ಪೇಪರ್ ಸಾಕು. ಗಾಜು, ಬಳೆಗೆ ಹಿಂದಿನಿಂದ ಬಂದ ಭತ್ತದ ಹುಲ್ಲು ಇದ್ದೇ ಇದೆ. ನಮ್ಮ ಭಾಗದಲ್ಲಿ ಅದಕ್ಕೇನು ಬರವೇ? ಆದರೆ ಹುಲ್ಲು ಚೆನ್ನಾಗಿ ಒಣಗಿರಬೇಕು. ತೇವ ಇದ್ದರೆ ಬೂಷ್ಟು ಹಿಡಿಯುತ್ತದೆ, ತಿನ್ನುವ ಪದಾರ್ಥದ ಜೊತೆಗಂತೂ ಬೇಡ. ಅಕ್ಕಿ ಚೀಲಕ್ಕೆ ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಹಾಕುವುದು ಮಳೆಗಾಲ ಬಿಟ್ಟರೆ ದಂಡದ ಕೆಲಸ.

ವಾಪಸಾತಿ ತಡೆಯಲು ದೊಡ್ಡ ತಂತ್ರಜ್ಞಾನ ಬೇಕಿಲ್ಲ. ಬಿಸಿಲಲ್ಲಿ ತೆಗೆದ ನಿಜವಾದ ಬಣ್ಣದ ಫೋಟೊ, ಇಂಚಿನಲ್ಲಿ ಬರೆದ ಅಳತೆ, ಕಳಿಸುವ ಮುಂಚೆ ಒಂದು ಫೋನು: 'ಅಣ್ಣಾರ, ನಾಳೆ ಮನ್ಯಾಗ ಇರ್ತೀರೇನು?' ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಪಡೆಯುವ ಅಂಗಡಿಗಳು ಒಂದೊಂದಕ್ಕೆ ಒಂದೊಂದು ಸಲ ಬೈಕ್ ಓಡಿಸುವ ಬದಲು ಓಣಿವಾರು, ಹೊತ್ತುವಾರು ಕೂಡಿಸಿ ಮುಟ್ಟಿಸಬಹುದು. ಪ್ಯಾಕಿಂಗೇ ಇಲ್ಲದೆ ಗಿರಾಕಿಯ ಸ್ವಂತ ಚೀಲಕ್ಕೆ ಸುರಿದು ಬರುವ ಅನುಕೂಲ ಊರ ಅಂಗಡಿಗಿದೆ, ದೂರದ ಕಂಪನಿಗಿಲ್ಲ.

ಇನ್ನು ಸಿಂಧನೂರು ನಗರಸಭೆ, ಲಿಂಗಸುಗೂರು ಮತ್ತು ಮಸ್ಕಿ ಪುರಸಭೆಗಳು ಮಾಡಬಹುದಾದ ಕೆಲಸವೊಂದಿದೆ. ಕವರ್‌ಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಲು ಮರುಖರೀದಿ, ಠೇವಣಿ ವಾಪಸ್‌ನಂಥ ಯೋಜನೆ ನಡೆಸಲು 2022ರ ಮಾರ್ಗಸೂಚಿ ಕಂಪನಿಗಳಿಗೆ ಅವಕಾಶ ಕೊಟ್ಟಿದೆ. ಅದು ಕಡ್ಡಾಯವಲ್ಲ, ಹಾಗಾಗಿ ಕೇಳುವವರಿಲ್ಲದಿದ್ದರೆ ಆಗುವುದಿಲ್ಲ. ಮೂರೂ ಊರು ಒಂದೇ ಹೆದ್ದಾರಿಯ ಮೇಲೆ ಸಾಲಾಗಿವೆ. ಪಾರ್ಸೆಲ್ ಇಳಿಸಿ ಖಾಲಿಯಾಗಿ ಮರಳುವ ಗಾಡಿಗಳಲ್ಲಿ ಕವರ್‌ಗಳ ಗಂಟನ್ನು ತಿರುಗಿ ಕಳಿಸಲು ಹೊಸ ಲಾರಿ ಬೇಕಿಲ್ಲ. ಪ್ರತಿ ಡೆಲಿವರಿ ಕಚೇರಿಯ ಮುಂದೆ ಒಂದು ಸಂಗ್ರಹ ಪೆಟ್ಟಿಗೆ ಇಡಿ ಎಂದು ಮೂರೂ ಸಂಸ್ಥೆಗಳು ಕೂಡಿ ಪತ್ರ ಬರೆದರೆ, ಕಂಪನಿಗಳು ಹೌದು ಅಥವಾ ಇಲ್ಲ ಅಂತ ಬರವಣಿಗೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.