ಹಳೆಯ ಯಂತ್ರಕ್ಕೆ ಹೊಸ ಆಯುಷ್ಯ



ಗುಜರಿ ಸಾಮಾನಿಗೆ ಈ ಮುಂಬಯಿ ನಗರದಲ್ಲಿ ‘ಭಂಗಾರ’ವೆಂದು ಹೆಸರು. ಕನ್ನಡದ ಕಿವಿಗೆ ಅದು ‘ಬಂಗಾರ’ವೆಂದೇ ಕೇಳಿಸುವುದು. ಈಚೆಗೆ ನಮ್ಮ ಶಾಲೆಯ ಆರು ಹಳೆಯ ಕಂಪ್ಯೂಟರುಗಳು ಭಂಗಾರದ ಅಂಗಡಿಗೆ ಹೊರಟು ನಿಂತಿದ್ದುವು. ಗುಂಡಿಯನ್ನೊತ್ತಿ, ತರಗತಿಯ ಹಾಜರಿಯನ್ನು ಕರೆದು ಮುಗಿಸಿದರೂ ಅವು ಎಚ್ಚರಗೊಳ್ಳುತ್ತಿರಲಿಲ್ಲ. ಅವುಗಳಲ್ಲಿದ್ದ ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ, ಇನ್ನು ಇಟ್ಟುಕೊಂಡು ಪ್ರಯೋಜನವೇನೆಂಬ ಮಾತು ಬಂದಿತು.

ಆಗ ನನ್ನ ಕಣ್ಣ ಮುಂದೆ ಬಂದವನು ಒಂಬತ್ತನೆಯ ತರಗತಿಯ ಹುಡುಗನೊಬ್ಬ. ಅವನ ಮನೆಯಲ್ಲಿರುವುದು ಒಂದೇ ಫೋನು. ತಂದೆ ಹೋಟೆಲಿನ ಕೆಲಸ ಮುಗಿಸಿ ಬಂದ ಮೇಲೆ, ರಾತ್ರಿ ಹನ್ನೊಂದರ ನಂತರವೇ ಅದು ಅವನ ಕೈಗೆ ದೊರೆಯುವುದು. ಅಂಥವನಿಗೆ ಶಾಲೆಯ ಕೀಲಿಮಣೆಯಲ್ಲದೆ ಬೇರೆ ಕೀಲಿಮಣೆ ಎಲ್ಲಿದೆ?

ಆದುದರಿಂದ ನಾನು ಕ್ರೋಮ್ ಓಎಸ್ ಫ್ಲೆಕ್ಸನ್ನು ಪರೀಕ್ಷಿಸಲು ಮನಸ್ಸು ಮಾಡಿದೆನು. ಗೂಗಲ್ ಸಂಸ್ಥೆಯು 2022ರ ಜುಲೈಯಲ್ಲಿ ಪೂರ್ಣರೂಪದಲ್ಲಿ ಹೊರತಂದ ಈ ಕಾರ್ಯಾಚರಣ ವ್ಯವಸ್ಥೆಗೆ ಬೆಲೆಯಿಲ್ಲ. ಬ್ರೌಸರೇ ಅದರ ಅಂಗಳ. ಓದು, ಬರಹ, ಲೆಕ್ಕಗಳೆಲ್ಲವೂ ಅಲ್ಲಿಯೇ. ಬಹುಪಾಲು ಕೆಲಸವನ್ನು ದೂರದ ಸರ್ವರುಗಳು ಹೊರುವುದರಿಂದ ಯಂತ್ರಕ್ಕೆ 4 ಜಿ.ಬಿ. ರ್‍ಯಾಮ್, 16 ಜಿ.ಬಿ. ಸಂಗ್ರಹವಿದ್ದರೆ ಸಾಕು. ಹಾಸಿಗೆಯಿದ್ದಷ್ಟು ಕಾಲು ಚಾಚುವ ಸ್ವಭಾವ ಅದರದು. ಅದನ್ನು 8 ಜಿ.ಬಿ. ಪೆನ್‌ಡ್ರೈವಿನಲ್ಲಿ ತುಂಬಿಕೊಂಡು, ಯಂತ್ರದ ಡಿಸ್ಕನ್ನು ಮುಟ್ಟದೆಯೇ ನಡೆಸಿ ನೋಡಬಹುದು.

ಹಾಗೆ ಮೊದಲು ನಡೆಸಿ ನೋಡಿದುದೇ ಒಳ್ಳೆಯದಾಯಿತು. ಹಿಂದಿನ ವಿದ್ಯಾರ್ಥಿಗಳ ಪ್ರಬಂಧಗಳ ಕಡತವನ್ನು ಅದರಲ್ಲಿ ತೆರೆದರೆ, ಕನ್ನಡಕ್ಕೆ ಬದಲಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಂಡಿತು. ಕಾರಣ ಸರಳವಾಗಿದೆ. ಅವುಗಳನ್ನು ಬೆರಳಚ್ಚು ಮಾಡಿದ ಹಳೆಯ ಅಕ್ಷರವಿನ್ಯಾಸದಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆ ಕೂರಿಸಿದ್ದರು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಕನ್ನಡವೇ ಇಲ್ಲ. ಯೂನಿಕೋಡಿನಲ್ಲಿ ಹಾಗಲ್ಲ, 1991ರ ಅದರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ‘ಕ’ ಎಂಬ ಅಕ್ಷರದ ಸಂಖ್ಯೆ 3221. ಅದು ಯಾವ ದೇಶದ ಯಂತ್ರದಲ್ಲಿಯೂ ‘ಕ’ವೇ. ಹೊಸ ವ್ಯವಸ್ಥೆಯನ್ನು ಸ್ಥಾಪಿಸುವಾಗ ಡಿಸ್ಕಿನಲ್ಲಿರುವುದೆಲ್ಲವೂ ಅಳಿಸಿಹೋಗುತ್ತದೆ. ನಾನು ಆತುರಪಟ್ಟಿದ್ದರೆ ಆ ಪ್ರಬಂಧಗಳನ್ನು ಕಳೆದುಕೊಂಡು ನಿಮ್ಮ ಅಕ್ಕಅಣ್ಣಂದಿರಿಗೆ ಏನು ಉತ್ತರ ಹೇಳುತ್ತಿದ್ದೆನು? ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಪ್ರತಿ ತೆಗೆದಿಟ್ಟು, ಆಮೇಲೆ ಸ್ಥಾಪಿಸಿದೆನು. ಈಗ ಆರೂ ಯಂತ್ರಗಳು ಒಂದು ನಿಮಿಷದೊಳಗೆ ಎದ್ದು ಕೂರುತ್ತವೆ.

ಹಾಗೆಂದು ಇದನ್ನು ಕಣ್ಣು ಮುಚ್ಚಿ ನಂಬಬೇಕೆಂದು ನಾನು ಹೇಳಲಾರೆ. ‘ಕ್ಲೌಡ್’ ಎಂದರೆ ಮೋಡ. ಆದರೆ ನಮ್ಮ ಬರಹವಿರುವುದು ಆಕಾಶದಲ್ಲಲ್ಲ. ನೆಲದ ಮೇಲಿನ ಯಾವುದೋ ಕಟ್ಟಡದಲ್ಲಿ, ಇನ್ನೊಬ್ಬರ ಕಂಪ್ಯೂಟರಿನಲ್ಲಿ. ಊರು ಬಿಟ್ಟು ಬಂದು ಬಾಡಿಗೆಯ ಖೋಲಿಗಳಲ್ಲಿ ಬಾಳುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಖೋಲಿಯಲ್ಲಿ ಸುಖವಾಗಿಯೇ ಇರುತ್ತೇವೆ. ಆದರೂ ಮುಖ್ಯವಾದ ಕಾಗದಪತ್ರಗಳನ್ನು ಒಂದು ಪೆಟ್ಟಿಗೆಯಲ್ಲಿ ಕೈಗೆಟಕುವಂತೆ ಇಟ್ಟುಕೊಂಡಿರುತ್ತೇವೆ. ಮೇಲಾಗಿ ಮಳೆಗಾಲದಲ್ಲಿ ಸಂಪರ್ಕ ಕಡಿದರೆ, ಮೊದಲೇ ಆಫ್‌ಲೈನ್ ಏರ್ಪಾಡು ಮಾಡಿಕೊಳ್ಳದವನ ಕೆಲಸ ನಿಂತುಹೋಗುವುದು.

ಆದಕಾರಣ ಮೂರು ಮಾತುಗಳನ್ನು ನೆನಪಿಡಿರಿ. ಕನ್ನಡವನ್ನು ಯೂನಿಕೋಡಿನಲ್ಲಿಯೇ ಬರೆಯಿರಿ. ಬರೆದುದರ ಒಂದು ಪ್ರತಿಯನ್ನು ನಿಮ್ಮ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿರಿ. ಹಲವರು ಬಳಸುವ ಯಂತ್ರದಿಂದ ಏಳುವಾಗ ನಿಮ್ಮ ಖಾತೆಯಿಂದ ಹೊರಬರುವುದನ್ನು ಮರೆಯಬೇಡಿರಿ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದ ನನಗೆ ಕಂಪ್ಯೂಟರೆಂದರೆ ಇಂಗ್ಲಿಷರ ವಸ್ತುವೆಂಬ ಅಂಜಿಕೆ ಬಹುಕಾಲವಿತ್ತು. ಆ ಅಂಜಿಕೆ ನಿಮಗೆ ಬೇಡ. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಆ ಆರು ಯಂತ್ರಗಳು ನಿಮಗಾಗಿ ಕಾದಿರುತ್ತವೆ. ಮೊದಲ ದಿನ ನಿಮ್ಮ ಊರಿನ ಹೆಸರನ್ನೂ ತಂದೆತಾಯಿಯರ ಹೆಸರನ್ನೂ ಕನ್ನಡದಲ್ಲಿ ಬರೆಯಿರಿ. ಮುಂದಿನದು ತಾನಾಗಿಯೇ ಬರುವುದು.